ವಿದೇಶವಾಸ ಮತ್ತು ಕಾರ್ಮಿಕರ ನಿವೃತ್ತಿವೇತನ

ಮಂಗಳೂರಿನ ಉತ್ತರಭಾಗದಲ್ಲಿ, ಪಣಂಬೂರಿನ ನವಮಂಗಳೂರು ಬಂದರಿನ ಸಮೀಪದಲ್ಲಿರುವ ಬೈಕಂಪಾಡಿ ಕೈಗಾರಿಕಾ ಪ್ರದೇಶದಂತಹ ಕಡೆಗಳಲ್ಲಿ ದುಡಿದು ನಿವೃತ್ತರಾಗಿ, ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿದ ಮಕ್ಕಳೊಡನೆ ಕಾಲ ಕಳೆಯುವ ಹಿರಿಯರು ಪರದೇಶದಲ್ಲಿದ್ದೂ ಪಡೆಯಬಹುದಾದ ಸೌಲಭ್ಯವೇ ನಿವೃತ್ತಿವೇತನ.

1995ರ ನವೆಂಬರ್ 16ರಂದು ಜಾರಿಗೆ ಬಂದ ನೌಕರರ ಪಿಂಚಣಿ ಯೋಜನೆಯನ್ವಯ, ಕನಿಷ್ಠ 10 ವರ್ಷಗಳ ಅರ್ಹ ಸೇವೆ ಸಲ್ಲಿಸಿದವರಿಗೆ 58ನೆಯ ವಯಸ್ಸಿನಿಂದ ದೊರೆಯುವ ಈ ವೇತನವು ವಿದೇಶವಾಸವೊಂದರಿಂದಲೇ ರದ್ದಾಗತಕ್ಕದ್ದಲ್ಲ. ಭಾರತದಲ್ಲಿನ ಬ್ಯಾಂಕ್ ಖಾತೆಗೆ ಅದು ಜಮೆಯಾಗುತ್ತಲೇ ಇರುವುದು.

ಆದರೆ ಫಲಾನುಭವಿಯು ಜೀವಂತನಾಗಿರುವನೆಂಬುದಕ್ಕೆ ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರವನ್ನು ಒಪ್ಪಿಸುವುದು ಅವಶ್ಯ; ಒಮ್ಮೆ ಒಪ್ಪಿಸಿದ ಪತ್ರಕ್ಕೆ 12 ತಿಂಗಳ ಮಾನ್ಯತೆಯುಂಟು, ಅವಧಿ ಮೀರಿದರೆ ಪಾವತಿ ಸ್ಥಗಿತಗೊಳ್ಳುವುದು. ಪರದೇಶದಲ್ಲಿರುವವರು ಭಾರತೀಯ ರಾಯಭಾರ ಕಚೇರಿಯ ಅಥವಾ ದುಬೈಯಲ್ಲಿರುವಂತಹ ಕಾನ್ಸುಲೇಟಿನ ಅಧಿಕಾರಿಯ ಸಮಕ್ಷಮದಲ್ಲಿ ಇದನ್ನು ದೃಢೀಕರಿಸಿಕೊಳ್ಳಬಹುದು.

2014ರಲ್ಲಿ ಈ ಪ್ರಮಾಣಪತ್ರವನ್ನು ಡಿಜಿಟಲ್ ರೂಪದಲ್ಲಿ ಒಪ್ಪಿಸುವ, ಆಧಾರ್ ಆಧಾರಿತ ‘ಜೀವನ್ ಪ್ರಮಾಣ್’ ವ್ಯವಸ್ಥೆ ಆರಂಭವಾಯಿತಾದರೂ, ದೀರ್ಘಕಾಲದ ಶಾರೀರಿಕ ಶ್ರಮದಿಂದ ಬೆರಳಿನ ಗೆರೆಗಳು ಸವೆದ ಕಾರ್ಮಿಕರ ಬೆರಳಚ್ಚನ್ನು ಯಂತ್ರವು ಅನೇಕ ವೇಳೆ ಗುರುತಿಸದೆ ಹೋಗುವುದರಿಂದ, 2021ರಲ್ಲಿ ಬಂದ ಮುಖಚಹರೆಯ ದೃಢೀಕರಣವು ಅಂಥವರಿಗೆ ಮಹದುಪಕಾರಿ.

ಯಾತ್ರೆಗೆ ಮುನ್ನವೇ ಪ್ರಮಾಣಪತ್ರವನ್ನು ನವೀಕರಿಸಿಕೊಳ್ಳುವುದು ಶ್ರೇಯಸ್ಕರ. ಈ ವೇತನವು ಸರಕಾರದ ಕೃಪಾದಾನವಲ್ಲ, ಜೀವಮಾನದ ದುಡಿಮೆಯಿಂದ ಸಂಪಾದಿತವಾದ ಹಕ್ಕು.