ತಿಪ್ಪರಲಾಗ

‘ತಿಪ್ಪರಲಾಗ ಹಾಕಿದರೂ ಆಗದು’ ಎನ್ನುತ್ತೇವೆ. ಹಾಗೆನ್ನುವ ನಾವು ಒಂದು ಲಾಗವನ್ನೂ ಹಾಕಿದವರಲ್ಲ. ನಮ್ಮ ಕಡೆ ಲಾಗ ಹಾಕಿಯೇ ಹೊಟ್ಟೆ ಹೊರೆದವರು ಡೊಂಬರು. ಅವರ ವಿದ್ಯೆಯ ಹೆಸರನ್ನೂ ನಾವು ಸುಮ್ಮನೆ ಬಿಟ್ಟಿಲ್ಲ. ಕುರ್ಚಿಯ ಕಿತ್ತಾಟಕ್ಕೆ ‘ದೊಂಬರಾಟ’ ಎಂದು ಪತ್ರಿಕೆಗಳು ಇಂದಿಗೂ ಬರೆಯುತ್ತವೆ.

ಇದೇ ಲಾಗ ಪಶ್ಚಿಮದಲ್ಲಿ ಟಂಬ್ಲಿಂಗ್ ಎಂಬ ಪಂದ್ಯವಾಯಿತು. 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಅದಕ್ಕೆ ಪದಕವಿತ್ತು. ಅದೇ ಮೊದಲು, ಅದೇ ಕಡೆ. ಮೂರು ಪದಕಗಳೂ ಅಮೇರಿಕೆಗೇ ಹೋದವು. ಚಿನ್ನ ಗೆದ್ದ ರೋಲಂಡ್ ವುಲ್ಫನಿಗೆ ಆಗ 17 ವರ್ಷ. ಅದೇ ಕೂಟದಲ್ಲಿ ‘ಇಂಡಿಯನ್ ಕ್ಲಬ್’ ತಿರುವುವ ಪಂದ್ಯವೂ ಇತ್ತು. ಅದು ಬೇರೇನಲ್ಲ, ಇಂಗ್ಲಿಷರು ನಮ್ಮ ಗರಡಿಗಳಲ್ಲಿ ಕಂಡು ಒಯ್ದ ಮುದ್ಗರವೇ! ಅದನ್ನು ಗೆದ್ದ ಜಾರ್ಜ್ ರಾತ್ ಕೆಲಸವಿಲ್ಲದೆ ಕುಳಿತವನು. ಚಿನ್ನದ ಪದಕ ಜೇಬಿಗಿಳಿಸಿ, ದಾರಿಯ ಗಾಡಿಗಳಿಗೆ ಕೈಮಾಡುತ್ತ ಮನೆ ಸೇರಿದನೆಂದು ಹೇಳುತ್ತಾರೆ. ನನಗೆ ವುಲ್ಫನಿಗಿಂತ ಇವನೇ ಹತ್ತಿರದವನೆನಿಸುತ್ತಾನೆ.

ಏಕೆಂದರೆ ನಾನು ಲಾಗ ಕಂಡದ್ದು ಹಸಿವಿನ ಜೊತೆಗೇ. ಕಲಘಟಗಿ ತಾಲೂಕಿನ ನಮ್ಮ ಬಮ್ಮಿಗಟ್ಟಿಯಲ್ಲಿ ಬತ್ತದ ಸುಗ್ಗಿ ಮುಗಿಯುವ ಹೊತ್ತಿಗೆ ಡೊಂಬರು ಬರುತ್ತಿದ್ದರು. ಒಂದು ಸಲ ನಮ್ಮಜ್ಜಿ ಅವರ ಹುಡುಗನಿಗೆ ರೊಟ್ಟಿ ಕೊಡಹೋದಳು. ಅವನಪ್ಪ ಅಡ್ಡ ಬಂದ. “ಈಗ ಬ್ಯಾಡ ಯವ್ವಾ. ಉಂಡ್ರ ಮೈ ಏಳೂದಿಲ್ಲ. ಮೊದಲ ಹಾರ್ಲಿ, ಆಮ್ಯಾಗ ಉಣತಾನ.” ಅಜ್ಜಿ ರೊಟ್ಟಿ ಹಿಡಿದೇ ನಿಂತಳು. ಹುಡುಗ ಕಣದ ತುದಿಯಿಂದ ಓಡಿಬಂದು, ಕೈಯೂರಿ, ಹಿಂದಕ್ಕೆ ಒಂದರ ಮೇಲೊಂದು ಲಾಗ ಹಾಕುತ್ತ ಹೋದ. ನಾವು ಹುಡುಗರು ಬಣವಿಯಿಂದ ಹುಲ್ಲಿನ ಮೇಲೆ ಜಿಗಿದು ಶೂರರೆಂದುಕೊಂಡವರು. ಅವನ ಕಾಲಡಿ ಇದ್ದದ್ದು ಸಗಣಿ ಸಾರಿಸಿದ ಗಟ್ಟಿ ನೆಲ.

ಈಗಿನ ಪಂದ್ಯದ ಪಟ್ಟಿ 25 ಮೀಟರ್ ಉದ್ದ, ಪುಟಿಸುವಂಥದು. ಒಂದು ಓಟಕ್ಕೆ ಎಂಟು ಲಾಗ, ಇಳಿಯಲು ದಪ್ಪ ಹಾಸು. 2000ದ ಸಿಡ್ನಿಯಲ್ಲಿ ಟ್ರಾಂಪೊಲಿನ್ ಒಲಿಂಪಿಕ್ಸಿಗೆ ಬಂದಿತು; ಟಂಬ್ಲಿಂಗ್ ಹೊರಗೇ ಉಳಿಯಿತು. ಜಿಮ್ನಾಸ್ಟಿಕ್ಸಿನ 12 ಮೀಟರ್ ಚೌಕದ ನೆಲದಾಟದಲ್ಲಿ ಅದರ ಅಂಶ ಬದುಕಿದೆ.

ಇಳಿದಾಗ ಒಂದು ಹೆಜ್ಜೆ ತಪ್ಪಿದರೂ ಅಲ್ಲಿ ಅಂಕ ಕಡಿಯುತ್ತಾರೆ; ಕಂಬದಂತೆ ನಿಲ್ಲಬೇಕು. ನಮ್ಮ ಕಣದ ಹುಡುಗ ಕೊನೆಯ ಲಾಗ ಮುಗಿಸಿ ನಿಲ್ಲುತ್ತಲೇ ಇರಲಿಲ್ಲ. ಅದೇ ಓಟದಲ್ಲಿ ತಾಟು ಎತ್ತಿಕೊಂಡು, ಜನ ಚದುರುವ ಮೊದಲೇ ಎದುರಿಗೆ ಬಂದುಬಿಡುತ್ತಿದ್ದ.