ಪ್ರಯೋಗಾಲಯಗಳಲ್ಲಿ ರಾಸಾಯನಿಕ ಸುರಕ್ಷತೆ: ಇತಿಹಾಸ

ಸಂಶೋಧನಾ ಪ್ರಯೋಗಾಲಯಗಳಲ್ಲಿ ವಿಷಕಾರಿ, ದಹನಶೀಲ ಮತ್ತು ಸ್ಫೋಟಕ ವಸ್ತುಗಳನ್ನು ಬಳಸುವ, ಕೂಡಿಡುವ ಕ್ರಮಗಳ ಚರಿತ್ರೆ ಬಹುಮಟ್ಟಿಗೆ ಅವಘಡಗಳ ಚರಿತ್ರೆಯಾಗಿಯೇ ಉಳಿದಿದೆ. ಪೆಟ್ಟು ತಿಂದವರು ಹೆಸರಾಂತರಾಗಿದ್ದರೆ ಘಟನೆ ದಾಖಲಾಯಿತು. ಕಪಾಟಿನಲ್ಲಿ ಬಾಟಲಿಗಳ ಜಾಗ ಬದಲಾದದ್ದನ್ನು ಬರೆದಿಟ್ಟವರು ವಿರಳ. ದಾಖಲಾದ ಹಳೆಯ ಘಟನೆಗಳಲ್ಲೂ ಗೊಂದಲ ಸಾಕಷ್ಟಿದೆ.

ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಕಾರ್ಲ್ ಷೀಲೆ 1786ರಲ್ಲಿ, 43ನೇ ವಯಸ್ಸಿನಲ್ಲಿ ತೀರಿಕೊಂಡದ್ದು ರಾಸಾಯನಿಕಗಳ ರುಚಿ ನೋಡುವ ಅಭ್ಯಾಸದಿಂದ ಎಂಬ ಮಾತು ಪಠ್ಯಪುಸ್ತಕಗಳಲ್ಲಿ ಬೇರೂರಿದೆ. ಕೊನೆಯ ತಿಂಗಳುಗಳಲ್ಲಿ ಅವನನ್ನು ಕಾಡಿದ್ದು ಮೂತ್ರಪಿಂಡದ ಮತ್ತು ಚರ್ಮದ ಕಾಯಿಲೆ. ವಿಷವೇ ಅದಕ್ಕೆ ಕಾರಣ ಎಂಬುದು ಊಹೆ, ಅಸಂಭವವಲ್ಲದ ಊಹೆ. 1811ರಲ್ಲಿ ನೈಟ್ರೋಜನ್ ಟ್ರೈಕ್ಲೋರೈಡನ್ನು ತಯಾರಿಸಿದ ಫ್ರಾನ್ಸಿನ ದ್ಯುಲಾಂಗ್ ಒಂದು ಕಣ್ಣು ಕಳೆದುಕೊಂಡದ್ದರಲ್ಲಿ ಮೂಲಗಳಿಗೆ ಒಮ್ಮತವಿದೆ; ಹೋದ ಬೆರಳು ಒಂದೋ ಎರಡೋ ಎಂಬುದರಲ್ಲಿಲ್ಲ. ಮರುವರ್ಷ ಅದೇ ವಸ್ತು ಸ್ಫೋಟಿಸಿ ಇಂಗ್ಲೆಂಡಿನ ಹಂಫ್ರಿ ಡೇವಿಯ ಕಣ್ಣಿಗೆ ಗಾಯ ಮಾಡಿತು. ಮೈಕೆಲ್ ಫ್ಯಾರಡೆಗೆ ಕೆಲಸ ಸಿಕ್ಕಿದ್ದು ಈ ಸ್ಫೋಟದಿಂದ ಎಂಬ ಕಥೆ ಅರ್ಧ ನಿಜ. ಡೇವಿಗೆ ಬರೆದುಕೊಡಲು ಅವನು ಕೆಲವು ದಿನ ಬಂದದ್ದು ಹೌದು. 1813ರ ಮಾರ್ಚ್‌ನಲ್ಲಿ ಕಾಯಂ ಹುದ್ದೆ ಸಿಕ್ಕಿದ್ದು ಮಾತ್ರ ಹಿಂದಿನ ಸಹಾಯಕ ಹೊಡೆದಾಟ ಮಾಡಿ ವಜಾಗೊಂಡದ್ದರಿಂದ. ರಾಬರ್ಟ್ ಬುನ್ಸೆನ್‌ನ ಬಲಗಣ್ಣು ಹೋದದ್ದು 1836ರಲ್ಲಿ ಎನ್ನುವವರೂ 1843ರಲ್ಲಿ ಎನ್ನುವವರೂ ಇದ್ದಾರೆ. ಸ್ಫೋಟಿಸಿದ್ದು ಆರ್ಸೆನಿಕ್‌ನ ಸಂಯುಕ್ತವಾದ ಕ್ಯಾಕೋಡಿಲ್ ಸಯನೈಡ್. ಕ್ಯಾಕೋಡಿಲ್ ಸಂಯುಕ್ತಗಳ ಬಗ್ಗೆ ಅವನ ಪ್ರಬಂಧಗಳು ಪ್ರಕಟವಾಗತೊಡಗಿದ್ದೇ 1837ರಿಂದ. ಹಾಗಾಗಿ ಮೊದಲ ಇಸವಿಯನ್ನು ನಂಬುವುದು ಕಷ್ಟ.

ಹೊಗೆಯನ್ನು ಚಿಮಣಿಗೆ ಬಿಡುವ ರೂಢಿ ಫ್ಯೂಮ್ ಹುಡ್ ಆಗಿ ಬೆಳೆದ ಕಥೆ ಪರಿಚಿತವೇ. ಅದಕ್ಕಿಂತ ಮುಖ್ಯವಾದದ್ದು ಜರ್ಮನಿಯ ಆಲ್ಫ್ರೆಡ್ ಸ್ಟಾಕ್ 1926ರಲ್ಲಿ ಪ್ರಕಟಿಸಿದ ಬರಹ. ವರ್ಷಗಟ್ಟಲೆ ಕಾಡಿದ ತಲೆನೋವು, ಮರೆವುಗಳಿಗೆ ಪ್ರಯೋಗಾಲಯದ ಪಾದರಸದ ಆವಿಯೇ ಕಾರಣವೆಂದು ಅವನು ಅದರಲ್ಲಿ ತಿಳಿಸಿದ. ಸದ್ದಿಲ್ಲದೆ, ನಿಧಾನವಾಗಿ ಆಗುವ ಹಾನಿಯೂ ಅಪಘಾತವೇ ಎಂಬ ಅರಿವು ಇಲ್ಲಿಂದ ಗಟ್ಟಿಯಾಯಿತು.

ಸಂಗ್ರಹಣೆಯ ವಿಷಯದಲ್ಲಿ ಅಕಾರಾದಿ ಕ್ರಮ ದೀರ್ಘಕಾಲ ನಡೆಯಿತು, ಕೆಲವೆಡೆ ಇನ್ನೂ ನಡೆಯುತ್ತಿದೆ. ಬೇಕಾದ ಬಾಟಲಿ ಬೇಗ ಸಿಗುತ್ತದೆ ನಿಜ. ಆದರೆ ಪೊಟ್ಯಾಸಿಯಮ್ ಸಯನೈಡ್ ಮತ್ತು ಪೊಟ್ಯಾಸಿಯಮ್ ನೈಟ್ರೈಟ್ ಹತ್ತಿರ ಹತ್ತಿರ ಬಂದು ಕೂರುತ್ತವೆ, ಇವೆರಡರ ಮಿಶ್ರಣ ಬಿಸಿಯಾದರೆ ಸ್ಫೋಟಕ. ಆಮ್ಲಗಳನ್ನೆಲ್ಲ ಒಂದೇ ಕಪಾಟಿಗೆ ಸೇರಿಸಿದರೂ ತೊಂದರೆ ತಪ್ಪದು: ನೈಟ್ರಿಕ್ ಆಮ್ಲ ಉತ್ಕರ್ಷಕ, ಅಸಿಟಿಕ್ ಆಮ್ಲ ಉರಿಯುವಂಥದ್ದು. ಒಂದಕ್ಕೊಂದು ಹೊಂದದ ವರ್ಗಗಳನ್ನು ಬೇರ್ಪಡಿಸುವುದು ಇಂದಿನ ನಿಯಮ. ಈಥರ್‌ಗೆ ಗಾಳಿಯಾಡಿದರೆ ಪೆರಾಕ್ಸೈಡ್ ಕಟ್ಟುವುದರಿಂದ ಬಾಟಲಿ ತೆರೆದ ದಿನಾಂಕವನ್ನು ಚೀಟಿಯ ಮೇಲೆ ಬರೆಯಬೇಕು.

1990ರಲ್ಲಿ ಅಮೆರಿಕ ಪ್ರಯೋಗಾಲಯಗಳಿಗೆಂದೇ ಪ್ರತ್ಯೇಕ ನಿಯಮ ತಂದಿತು. ಇದನ್ನು ತಿರುವು ಎನ್ನುವುದು ವಾಡಿಕೆ. ಆದರೆ ನಿಯಮ ಪಾಲಿಸಿದರೂ ಸಾಲದು ಎಂದು ತೋರಿಸಿದ್ದು 1996ರ ಆಗಸ್ಟ್ 14ರ ಘಟನೆ. ಡಾರ್ಟ್‌ಮತ್ ಕಾಲೇಜಿನ ಪ್ರಾಧ್ಯಾಪಕಿ ಕ್ಯಾರೆನ್ ವೆಟರ್‌ಹಾನ್ ಫ್ಯೂಮ್ ಹುಡ್‌ನಲ್ಲಿ, ಲ್ಯಾಟೆಕ್ಸ್ ಕೈಗವಸು ತೊಟ್ಟೇ ಕೆಲಸ ಮಾಡುತ್ತಿದ್ದಾಗ ಡೈಮಿಥೈಲ್ ಮರ್ಕ್ಯುರಿಯ ಕೆಲವು ಹನಿ ಗವಸಿನ ಮೇಲೆ ಬಿದ್ದವು. ಲಕ್ಷಣಗಳು ಕಾಣಿಸಿಕೊಳ್ಳಲು ತಿಂಗಳುಗಳೇ ಹಿಡಿದವು. 1997ರ ಜೂನ್ 8ರಂದು ಅವರು ನಿಧನರಾದರು. ಅಂಥ ಗವಸನ್ನು ಆ ದ್ರವ 15 ಸೆಕೆಂಡಿನೊಳಗೆ ದಾಟುತ್ತದೆಂದು ಅನಂತರದ ಪರೀಕ್ಷೆ ತಿಳಿಸಿತು. ಯಾವ ರಾಸಾಯನಿಕಕ್ಕೆ ಯಾವ ಗವಸು ಎಂಬ ಪ್ರಶ್ನೆ ತೀವ್ರವಾದದ್ದು ಆಮೇಲೆ.

2008ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ, ಗಾಳಿ ಸೋಕಿದರೆ ಹೊತ್ತಿಕೊಳ್ಳುವ ಟರ್ಷಿಯರಿ ಬ್ಯುಟೈಲ್ ಲಿಥಿಯಂನಿಂದ ಸುಟ್ಟಗಾಯಗೊಂಡ ಸಂಶೋಧನಾ ಸಹಾಯಕಿ 18 ದಿನಗಳ ಬಳಿಕ ಮೃತಪಟ್ಟರು. ಆಕೆ ಲ್ಯಾಬ್ ಕೋಟ್ ಧರಿಸಿರಲಿಲ್ಲ. ಪ್ರಕರಣ ಕ್ರಿಮಿನಲ್ ಮೊಕದ್ದಮೆಯವರೆಗೆ ಹೋಯಿತು. 2010ರಲ್ಲಿ ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯದಲ್ಲಿ 100 ಮಿಲಿಗ್ರಾಂ ಮಿತಿಯಿದ್ದ ಸ್ಫೋಟಕವನ್ನು ಸುಮಾರು 10 ಗ್ರಾಂ ತಯಾರಿಸಿದ್ದರಿಂದ ವಿದ್ಯಾರ್ಥಿಯೊಬ್ಬ ಗಾಯಗೊಂಡ. ಮಿತಿಯನ್ನು ಬಾಯಿಮಾತಿನಲ್ಲಷ್ಟೇ ಹೇಳಲಾಗಿತ್ತು. 1990ರ ನಿಯಮ ಆರೋಗ್ಯದ ಅಪಾಯಗಳಿಗೆ ಒತ್ತುಕೊಟ್ಟು ಸ್ಫೋಟದಂಥ ಭೌತಿಕ ಅಪಾಯಗಳನ್ನು ಬದಿಗಿಟ್ಟಿದೆ ಎಂದು ಈ ಘಟನೆಯ ತನಿಖೆ ನಡೆಸಿದ ಮಂಡಳಿ 2011ರಲ್ಲಿ ಬೊಟ್ಟುಮಾಡಿತು.

ಭಾರತದಲ್ಲಿ ಭೋಪಾಲ್ ದುರಂತದ ನಂತರದ 1989ರ ಅಪಾಯಕಾರಿ ರಾಸಾಯನಿಕ ನಿಯಮಗಳು ಮುಖ್ಯವಾಗಿ ಕೈಗಾರಿಕೆಗಳ ದೊಡ್ಡ ಸಂಗ್ರಹಗಳನ್ನು ಗಮನದಲ್ಲಿಟ್ಟುಕೊಂಡವು. 2018ರ ಡಿಸೆಂಬರ್ 5ರಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆಘಾತ ತರಂಗ ಪ್ರಯೋಗಾಲಯದಲ್ಲಿ ಸ್ಫೋಟ ಸಂಭವಿಸಿ ಒಬ್ಬ ಸಂಶೋಧಕ ಮೃತಪಟ್ಟು ಮೂವರು ಗಾಯಗೊಂಡರು. ಆರಂಭದ ವರದಿಗಳ ಶಂಕೆ ಅನಿಲ ಸಿಲಿಂಡರಿನ ಮೇಲಿತ್ತು.