ತಾತನ ಖಾಕಿ ಪಟ್ಟಿ

ಶಿವರಾತ್ರಿ ಹತ್ತಿರವಾಯಿತೆಂದರೆ ಹನೂರಿನ ನಮ್ಮ ಮನೆಯ ಮುಂದಿನ ರಸ್ತೆಯಲ್ಲಿ ರಾತ್ರಿಯೆಲ್ಲ ಕಾಲ ಸಪ್ಪಳ. ಕೊಳ್ಳೇಗಾಲದ ಕಡೆಯಿಂದ ನಡೆದು ಬಂದವರು ಕೌದಳ್ಳಿ ದಾಟಿ, ತಾಳಬೆಟ್ಟದಲ್ಲಿ ಒಂದು ಗಳಿಗೆ ಕೂತು, ಮಾದಪ್ಪನ ಬೆಟ್ಟ ಹತ್ತುತ್ತಿದ್ದರು. ನಮ್ಮವ್ವನೂ ಅವರ ಜೊತೆ ಸೇರಿಕೊಳ್ಳುತ್ತಿದ್ದಳು. ಹಿಂತಿರುಗಿದ ಸಂಜೆ ಕಾಲಿಗೆ ಬಿಸಿನೀರು ಹುಯ್ದುಕೊಂಡು, ಟ್ರಂಕಿನಿಂದ ಎರಡು ಖಾಕಿ ಪಟ್ಟಿಗಳನ್ನು ನನ್ನ ಕೈಯಲ್ಲಿ ತೆಗೆಸಿ, ಗಿಣ್ಣಿನಿಂದ ಮೊಣಕಾಲಿನವರೆಗೆ ಬಿಗಿಯಾಗಿ ಸುತ್ತಿಕೊಂಡು ಮಲಗುತ್ತಿದ್ದಳು. ಬೆಳಿಗ್ಗೆ ಅಕ್ಕಪಕ್ಕದ ಮನೆಯವರು ಗೋಡೆ ಹಿಡಿದು ನಡೆಯುತ್ತಿದ್ದರೆ ಇವಳು ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು.

ಆ ಪಟ್ಟಿ ನಮ್ಮ ತಾತನದು. ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತಲ್ಲ, ಆ ಕಾಲದಲ್ಲಿ ತಾತ ಫಾರೆಸ್ಟ್ ಗಾರ್ಡು. ಕಾಡು ಸುತ್ತುವವರು ಕಣಕಾಲಿಗೆ ಉಣ್ಣೆಯ ಪಟ್ಟಿ ಸುತ್ತಿಕೊಳ್ಳಬೇಕು. ಮುಳ್ಳು ತಾಗದಿರಲಿ ಎನ್ನುವುದು ಒಂದು ಕಾರಣ, ಕಾಲು ಸೋಲದಿರಲಿ ಎನ್ನುವುದು ಇನ್ನೊಂದು. ಹಿಮಾಲಯದ ಗುಡ್ಡಗಾಡಿನ ಜನ ಸುತ್ತಿಕೊಳ್ಳುತ್ತಿದ್ದುದನ್ನು ನೋಡಿ ಇಂಗ್ಲಿಷರು ತಮ್ಮ ಸೈನ್ಯಕ್ಕೆ ತೆಗೆದುಕೊಂಡರು. ನಮ್ಮ ‘ಪಟ್ಟಿ’ ಅವರ ಬಾಯಲ್ಲಿ ‘ಪಟೀ’ ಆಗಿ, ಮೊದಲನೆಯ ಮಹಾಯುದ್ಧದ ಕಂದಕಗಳವರೆಗೂ ಹೋಯಿತು.

ಇನ್ನೂ ಹಿಂದಕ್ಕೆ ಹೋದರೆ ನಮ್ಮ ಸುಶ್ರುತ ಸಂಹಿತೆಯಲ್ಲಿಯೇ 14 ಬಗೆಯ ಕಟ್ಟುಗಳಿವೆ. ಗಾಢ, ಸಮ, ಶಿಥಿಲ ಎಂದು ಬಿಗಿಯಲ್ಲೂ ಮೂರು ತರ. ದೇಹದ ಯಾವ ಭಾಗಕ್ಕೆ ಎಷ್ಟು ಬಿಗಿ ಎನ್ನುವ ವಿಚಾರ ಅಷ್ಟು ಹಳೆಯದು.

ಅವ್ವನ ಕಾಲನ್ನು ನಾನು ಸರಿಯಾಗಿ ನೋಡಿದ್ದು ದೊಡ್ಡವಳಾದ ಮೇಲೆ. ಮೀನಖಂಡದ ಮೇಲೆ ನೀಲಿ ನಾಳಗಳು ಬಳ್ಳಿಯಂತೆ ಹೆಣೆದುಕೊಂಡಿದ್ದವು. ಎಡಗಾಲಿನ ಗಿಣ್ಣಿನ ಮೇಲೊಂದು ಹುಣ್ಣು. ಮಾಯುವುದು, ಮತ್ತೆ ಒಡೆಯುವುದು. ಹಾವಿನ ದೋಷ ಎಂದರು ಕೆಲವರು. ಬೇವು, ಅರಿಶಿನ ಹಚ್ಚಿಕೊಂಡು ಸೀರೆಯ ಅಂಚನ್ನು ಇನ್ನಷ್ಟು ಕೆಳಗಿಳಿಸಿದಳು. ಡಾಕ್ಟರಿಗೆ ತೋರಿಸಬೇಕಾದರೆ ಸೀರೆ ಎತ್ತಬೇಕಲ್ಲ! ಪಟ್ಟಿಯನ್ನು ದಿನಾ ಕಟ್ಟಿಕೋ ಎಂದರೆ, “ಗಂಡಸರ ಉಡುಪು ಕಣ್ ಮಗ, ನೋಡ್ದೋರು ನಗ್ತಾರೆ” ಎನ್ನುತ್ತಿದ್ದಳು. ಬೆಟ್ಟಕ್ಕೆ ಹೋಗಿ ಬಂದ ದಿನ ಕಟ್ಟಿದರೆ ಯಾರೂ ನಗುತ್ತಿರಲಿಲ್ಲ. ಅದು ಮಾದಪ್ಪನ ಲೆಕ್ಕ. ವರ್ಷಕ್ಕೆ ಎರಡು ರಾತ್ರಿ ಆರಾಮ, ಉಳಿದ ದಿನವೆಲ್ಲ ನೋವು.

ನಾನು ಯಳಂದೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಒಮ್ಮೆ ಅವಳನ್ನು ಕರೆತಂದಿದ್ದೆ. ಸುವರ್ಣಾವತಿಯಲ್ಲಿ ಬಟ್ಟೆ ಒಗೆಯಲು ಹೋದವಳು ತೊಡೆಮಟ್ಟ ನೀರಿನಲ್ಲಿ ಸುಮ್ಮನೆ ನಿಂತೇ ಇದ್ದಳು. “ನೀರಲ್ಲಿ ನಿಂತ್ರೆ ಕಾಲು ಹಗೂರಾಯ್ತದ” ಎಂದಳು. ಅವಳ ಮಾತಿನ ಬೆಲೆ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ, ಅಮೆರಿಕದ ಟೊಲೆಡೊ ಊರಿನ ಕಾನ್‌ರಾಡ್ ಜಾಬ್ಸ್ಟ್ ಎಂಬ ಇಂಜಿನಿಯರನ ವಿಷಯ ಓದಿದಾಗ. ಆತನಿಗೂ ಇದೇ ಕಾಲಿನ ಹುಣ್ಣು. ಈಜುಕೊಳದಲ್ಲಿ ನಿಂತಾಗ ನೋವು ಇಳಿಯುತ್ತದೆ ಎಂದು ಕಂಡುಕೊಂಡ. ನೀರು ಆಳವಾದಷ್ಟೂ ಒತ್ತಡ ಹೆಚ್ಚು. ಎಂದರೆ ಪಾದದ ಹತ್ತಿರ ಬಿಗಿ, ಮೇಲೆ ಹೋದಂತೆ ಸಡಿಲ. ಹಾಗೆಯೇ ಕಾಲುಚೀಲ ಹೆಣೆದರೆ ಹೇಗೆ ಎಂದು ಯೋಚಿಸಿ, 1950ರ ಸುಮಾರಿಗೆ ಅಂಥದ್ದನ್ನು ಮಾಡಿ ಮಾರಲಾರಂಭಿಸಿದ. ನಮ್ಮವ್ವ ನದಿಯಲ್ಲಿ ನಿಲ್ಲುವ ವೇಳೆಗೆ ಆ ಚೀಲ ಲೋಕದಲ್ಲಿ ಇತ್ತು.

ಹೀಗೇಕೆ ಆಗುತ್ತದೆಂಬುದನ್ನು ಮಕ್ಕಳಿಗೆ ನಾನು ಹಾರ್ವೆಯಿಂದ ಹೇಳುತ್ತೇನೆ. 1628ರಲ್ಲಿ ಆತ ತೋಳಿಗೆ ಕಟ್ಟು ಕಟ್ಟಿ, ಉಬ್ಬಿದ ನಾಳವನ್ನು ಬೆರಳಿನಿಂದ ಒತ್ತಿ, ರಕ್ತ ಹೃದಯದ ಕಡೆಗಷ್ಟೇ ಹೋಗುತ್ತದೆ, ಕವಾಟಗಳು ಹಿಂದಕ್ಕೆ ಬಿಡುವುದಿಲ್ಲ ಎಂದು ತೋರಿಸಿದ. ಕಾಲಿನ ರಕ್ತವನ್ನು ಮೇಲಕ್ಕೆ ನೂಕುವುದು ಮೀನಖಂಡದ ಸ್ನಾಯುಗಳು. ಗಂಟೆಗಟ್ಟಲೆ ನಿಂತೇ ಇರುವವರಲ್ಲಿ, ನಮ್ಮಂಥ ಮೇಡಮ್ಮುಗಳಲ್ಲಿ, ಆ ರಾಟೆ ತಿರುಗುವುದೇ ಇಲ್ಲ. ಕವಾಟ ಸೋತರೆ ರಕ್ತ ಕೆಳಗೇ ನಿಂತು ನಾಳ ಉಬ್ಬುತ್ತದೆ. ಹೊರಗಿನಿಂದ ಬಿಗಿ ಬಿದ್ದರೆ ನಾಳ ಕಿರಿದಾಗಿ ರಕ್ತ ಬೇಗ ಮೇಲೇರುತ್ತದೆ, ಬಾವು ಇಳಿಯುತ್ತದೆ.

ರೋಗಿಗಳ ಈ ಚೀಲ ಓಟಗಾರರ ಕಾಲಿಗೂ ಬಂತು. 2003ರ ಲಂಡನ್ ಮ್ಯಾರಥಾನ್‌ನಲ್ಲಿ ಇಂಗ್ಲೆಂಡಿನ ಪೌಲಾ ರ‍್ಯಾಡ್‌ಕ್ಲಿಫ್ ಮೊಣಕಾಲುದ್ದದ ಬಿಗಿ ಚೀಲ ಹಾಕಿಕೊಂಡು 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ ಓಡಿದಳು. 2019ರವರೆಗೆ ಅದನ್ನು ಯಾವ ಹೆಂಗಸೂ ಮುರಿಯಲಿಲ್ಲ. ಚೀಲದಿಂದಲೇ ಓಡಿದಳು ಎಂದು ನಾನಂತೂ ಹೇಳಲಾರೆ. ಆದರೆ ಓಟ ಮುಗಿದ ಮೇಲಿನ ಮಾತು ಬೇರೆ. 2014ರಲ್ಲಿ 12 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದವರು, ದಣಿದ ಮೇಲೆ ಇಂಥ ಬಿಗಿ ಉಡುಪು ಹಾಕಿಕೊಂಡವರಿಗೆ ಮೈಕೈ ನೋವು ಕಡಿಮೆ, ಸ್ನಾಯುವಿನ ಕಸುವೂ ಬೇಗ ಮರಳುತ್ತದೆ, ಆದರೆ ಪರಿಣಾಮ ಸಾಧಾರಣ ಎಂದರು. ಬಿಗಿ ಇದೆಯೋ ಇಲ್ಲವೋ ಕಾಲಿಗೆ ತಿಳಿದೇ ತಿಳಿಯುವುದರಿಂದ, ಮನಸ್ಸಿನ ಸಮಾಧಾನವೆಷ್ಟು, ಚೀಲದ ಗುಣವೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಅವ್ವನ ಪಟ್ಟಿಯಲ್ಲೂ ಸ್ವಲ್ಪ ಮಾದಪ್ಪ ಇದ್ದನೇನೋ!

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದು ನಮ್ಮ ಹೆಣ್ಣುಮಕ್ಕಳು ಗೆದ್ದರಷ್ಟೆ. ಆ ತಂಡದಲ್ಲಿ ನೆರೆಯ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದಳು. ಆಮೇಲೆ ನಮ್ಮ ಶಾಲೆಯ ಹುಡುಗಿಯರಿಗೂ ಹುಚ್ಚು ಹಿಡಿಯಿತು. ಕೂತು ಎದ್ದು ಓಡಿ ಮಾರನೆಯ ದಿನ ಮೆಟ್ಟಿಲು ಇಳಿಯಲಾರದೆ ಒದ್ದಾಡುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟೇ: ಮೊದಲು ನಿದ್ದೆ, ಊಟ, ಬಿಗಿ ಚೀಲ ಆಮೇಲೆ. ಸಿಕ್ಕ ಬಟ್ಟೆಯನ್ನು ಹಗ್ಗದಂತೆ ಬಿಗಿಯಬೇಡಿ, ಬೆರಳು ತಣ್ಣಗಾದರೆ, ಜೋಮು ಹಿಡಿದರೆ ಬಿಚ್ಚಿಬಿಡಿ. ಸಕ್ಕರೆ ಕಾಯಿಲೆಯವರು, ಕಾಲಿಗೆ ರಕ್ತ ಸರಿಯಾಗಿ ಇಳಿಯದವರು ಡಾಕ್ಟರನ್ನು ಕೇಳದೆ ಇದರ ಸಹವಾಸಕ್ಕೇ ಹೋಗಬಾರದು.

ನನ್ನ ಕಾಲಿನಲ್ಲೂ ಅವ್ವನ ಬಳ್ಳಿ ಚಿಗುರಿದೆ. ನಾನು ಸೀರೆ ಎತ್ತಿ ತೋರಿಸಿದೆ. ಡಾಕ್ಟರು ಅಳತೆ ತೆಗೆದು ಬರೆದುಕೊಟ್ಟ ಚೀಲವನ್ನು ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮೊದಲೇ, ಏದುಸಿರು ಬಿಡುತ್ತಾ ಎಳೆದುಕೊಳ್ಳುತ್ತೇನೆ. ಮೊನ್ನೆ ಮೈದಾನದ ಕಟ್ಟೆ ಹತ್ತುವಾಗ ಅಂಚಿನ ಕೆಳಗೆ ಅದು ಕಂಡು ಏಳನೆಯ ತರಗತಿಯ ಒಬ್ಬಳು ಓಡಿ ಬಂದಳು.

“ಮಿಸ್, ನೀವೂ ಖೋ ಖೋ ಆಡ್ತೀರಾ?”

“ಹ್ಞೂಂ, ದಿನಾ ಏಳು ಪೀರಿಯಡ್ಡು” ಎಂದೆ.